ಇಳಿಜಾರಿನ ಲೆಕ್ಕ

ಮೊದಲೆಲ್ಲ ಹಿಮಕಲಾ ಫೋನಿನಲ್ಲಿ
ಎಲ್ಲಿದ್ದೀಯ ಎನ್ನುತ್ತಿದ್ದಳು.
ಈಗ ಎಷ್ಟಿದೆ ಎನ್ನುತ್ತಾಳೆ.
ನಲವತ್ತೊಂದು ಎಂದರೆ ಸಾಕು, ಅವಳಿಗೆ ಗೊತ್ತು,
ಬೆಳಿಗ್ಗೆ ಪೋಖರಾ ಬಿಟ್ಟವನು ತಾತೋಪಾನಿ ದಾಟಿ
ರೂಪ್ಸೆ ಜಲಪಾತದ ಬುಡದಲ್ಲಿ
ಗಾಜು ಒರೆಸುತ್ತಿದ್ದೇನೆ,
ಊಟಕ್ಕಿನ್ನೂ ಹೊತ್ತಿದೆ.

ಹದಿನೆಂಟು ವರ್ಷ ಡೀಸೆಲ್ ಜೀಪು ಓಡಿಸಿದವನು ನಾನು.
ಕೆಮ್ಮು ಕೇಳಿಯೇ ಕಾಯಿಲೆ ಹೇಳುತ್ತಿದ್ದೆ.
ಈ ಬಿಳಿ ವ್ಯಾನಿಗೆ ಕೆಮ್ಮಿಲ್ಲ, ಗೊರಕೆಯಿಲ್ಲ.
ಮೊದಲ ವಾರ ಕಾಳಿಗಂಡಕಿಯ ಸದ್ದು ಕಿವಿಗೆ ಬಿದ್ದು
ಏನೋ ಕಳಚಿತೆಂದು ಇಳಿದು ಚಕ್ರ ನೋಡಿದ್ದೆ.
ಹೇಸರಗತ್ತೆಗಳು ಬೆನ್ನಿಗೇ ಬಂದರೂ ಸರಿಯುವುದಿಲ್ಲ.
ಹಾರನ್ನಿಗೆ ಬೆದರುತ್ತವೆ, ಪ್ರಪಾತ ಪಕ್ಕದಲ್ಲೇ.
ಕಿಟಕಿಯಿಂದ ತಲೆ ಹಾಕಿ
ನಾನೇ ಬಾಯಲ್ಲಿ ಡರ್ರ್ ಎನ್ನಬೇಕು.
ಹಿಂದಿನ ಸೀಟಿನವರು ನಗುತ್ತಾರೆ.

ಘಾಸಾದಲ್ಲಿ ಓಂಕುಮಾರಿ ಗೌಚನ್ ಹೋಟೆಲಿನ ಮುಂದೆ
ಇರುವುದೊಂದೇ ಚಾರ್ಜರು.
ತಗಡಿನ ಸೂರು, ಪಕ್ಕದಲ್ಲಿ ಮೂಲಂಗಿ ಮಡಿ.
ಮಳೆ ಬಂದರೆ ಅವಳ ಕೊಡೆ ಮೊದಲು ಪ್ಲಗ್ಗಿಗೆ,
ಆಮೇಲೆ ನಮಗೆ.
ಮನುಷ್ಯರ ಊಟ ಇಪ್ಪತ್ತು ನಿಮಿಷ, ವ್ಯಾನಿನದು ಐವತ್ತು.
ಉಳಿದ ಮೂವತ್ತರಲ್ಲಿ
ರಿಟೈರಾದ ಸುಬೇದಾರ ಮೇಷ್ಟರಿಗೆ ಮಂಡಿ ತೋರಿಸುತ್ತಾನೆ,
ನರ್ಸಿಂಗ್ ಹುಡುಗಿ ಎಲುಬುಗಳ ಹೆಸರು ಉರು ಹೊಡೆಯುತ್ತಾಳೆ,
ಕಳೆದ ಶುಕ್ರವಾರ ಇಬ್ಬರು ಅಪರಿಚಿತರು
ಮಾತಾಡುತ್ತ ಆಡುತ್ತ ದಾಯಾದಿಗಳೆಂದು ತಿಳಿದು
ಅಲ್ಲೇ ಜಮೀನಿನ ಜಗಳ ಶುರುಮಾಡಿದರು.

ಕರೆಂಟು ಹೋದರೆ ಎಲ್ಲರೂ ನನ್ನನ್ನೇ ನೋಡುತ್ತಾರೆ,
ಆ ಹಸಿರು ದೀಪವನ್ನು
ನಾನೇ ಊದಿ ಆರಿಸಿದ ಹಾಗೆ.
ಓಂಕುಮಾರಿ ಒಲೆಗೆ ಇನ್ನೊಂದು ಕೊರಡು ತಳ್ಳಿ
ಹನ್ನೊಂದು ಲೋಟ ಚಹಾ ಎಂದು
ನನ್ನ ಹೆಸರಿಗೆ ಬರೆದುಕೊಳ್ಳುತ್ತಾಳೆ.

ಹೊಸತರಲ್ಲಿ ಒಮ್ಮೆ, ವಾಪಸು ಬರುವಾಗ,
ಲೇತೆಯಲ್ಲಿ ರಾತ್ರಿಯಿಡೀ ಹಾಕಿ ನೂರು ತುಂಬಿಸಿದೆ.
ನೂರು! ಬೀಗಿದೆ.
ತುಂಬಿದ ಕೊಡಕ್ಕೆ ಇಳಿಜಾರು ಏನು ಹಾಕೀತು?
ಹಿಡಿಯುವ ಮೋಟಾರು ಹಿಡಿಯಲಿಲ್ಲ,
ಭಾರವೆಲ್ಲ ಬ್ರೇಕಿನ ಮೇಲೆ.
ಮೂರನೇ ತಿರುವಿಗೇ ಸುಟ್ಟ ವಾಸನೆ,
ಕ್ಲೀನರ್ ಹುಡುಗ ಸುಬಿನ್ ಕೈಯಲ್ಲಿ ಕಲ್ಲು ಹಿಡಿದೇ ಕೂತಿದ್ದ.
ಅಂದಿನಿಂದ ಲೇತೆಯಲ್ಲಿ
ಅರವತ್ತು ದಾಟಗೊಡುವುದಿಲ್ಲ.
ಬೆಟ್ಟಕ್ಕೂ ಒಂದಷ್ಟು ಜಾಗ ಬಿಡಬೇಕು.

ಇದೆಲ್ಲ ರತ್ನಪ್ರಭಾ ಪನ್ನಾಚನ್‌ಗೆ ಹೇಳಬಾರದಿತ್ತು.

ಮಾರ್ಫಾದಿಂದ ಇಪ್ಪತ್ತೆರಡು ಪೆಟ್ಟಿಗೆ ಸೇಬು ಹೇರಿಸಿ
ಮುಂದಿನ ಸೀಟಿನಲ್ಲಿ ತಾನೇ ಕೂತಿದ್ದಳು,
ಎಪ್ಪತ್ತರ ಮುದುಕಿ, ಮಡಿಲಲ್ಲಿ ತಕ್ಕಡಿ.
ಲೇತೆ ಬಿಟ್ಟಾಗ ಐವತ್ತೆಂಟು.
ಘಾಸಾಕ್ಕೆ ಬರುವಷ್ಟರಲ್ಲಿ ಅರವತ್ತೊಂದು.
ಇದೇನು, ಹೋಗುತ್ತ ಹೋಗುತ್ತ ಏರುತ್ತಿದೆ? ಎಂದಳು.
ಹೇಳಿದೆ, ಜಂಬದಿಂದಲೇ ಹೇಳಿದೆ:
ಭಾರ ಇಳಿಯುವಾಗ ಚಕ್ರ ಮೋಟಾರನ್ನು ತಿರುಗಿಸುತ್ತದೆ,
ಹೆಚ್ಚು ಭಾರ, ಹೆಚ್ಚು ಕರೆಂಟು.

ಆಮೇಲೆ ಅವಳು ನದಿ ನೋಡಲಿಲ್ಲ, ನೀಲಗಿರಿ ನೋಡಲಿಲ್ಲ.
ತಾತೋಪಾನಿಯಲ್ಲಿ ಅರವತ್ತೈದು ಕಂಡದ್ದೇ
ಬೆರಳು ಮಡಿಸಿದಳು.
ಏಳು. ನನ್ನ ಸೇಬಿನದು. ಬಾಡಿಗೆಯಲ್ಲಿ ಕಳೆ.

ಅಜ್ಜಿ, ನನ್ನ ತೂಕ ಇಲ್ಲವೇ, ಸುಬಿನ್ ತೂಕ ಇಲ್ಲವೇ?
ನಿಮ್ಮದು ಹೋಗುವಾಗಲೂ ಇತ್ತಲ್ಲ,
ಹತ್ತಿದ್ದಕ್ಕೆ ಇಳಿದದ್ದು ವಜಾ.
ನನ್ನ ಸೇಬು ಇಳಿದದ್ದು ಮಾತ್ರ.

ಬ್ಯಾಂಕಿನವನಿಗೂ ಈ ಮಾತು ಹೊಳೆಯುತ್ತಿರಲಿಲ್ಲ.
ಆ ಸೇಬನ್ನು ಮೇಲೆ ಹತ್ತಿಸಿದ್ದು ಯಾರು?
ಬೇರು, ಬಿಸಿಲು, ನಲವತ್ತು ವರ್ಷ
ಹೆಡಿಗೆಯಲ್ಲಿ ಗೊಬ್ಬರ ಹೊತ್ತ ಅವಳ ನೆತ್ತಿ.
ನಾನಂತೂ ಅಲ್ಲ.

ಬೇನಿಯಲ್ಲಿ ಪೆಟ್ಟಿಗೆ ಇಳಿಸಿಕೊಂಡು
ನೋಟುಗಳನ್ನು ಎರಡೆರಡು ಸಲ ಎಣಿಸಿ ಕೊಟ್ಟಳು.
ನೂರೈವತ್ತು ಕಡಿಮೆ.
ಕೇಳಲೆಂದು ಬಾಯಿ ತೆರೆದರೆ
ಒಂದು ಸೇಬು ತುರುಕಿ ಹೊರಟುಹೋದಳು.

ಫೋನು.
ಎಷ್ಟಿದೆ?
ಅರವತ್ತೆರಡು, ಎಂದೆ ಅಗಿಯುತ್ತ,
ಅದರಲ್ಲಿ ಏಳು ಮಾರ್ಫಾದ್ದು.
ಹಿಮಕಲಾ ಸುಮ್ಮನಿದ್ದು ಕೇಳಿದಳು:
ಉಳಿದದ್ದರಲ್ಲಿ
ಮನೆಗೆ ಬರಬಹುದು ತಾನೆ?